ಎರಡು ಮನೆಗಳಿಗೆ ಹಂಚಿಹೋದ ಕ್ರಿಸ್ಮಸ್ ರೆಕಾರ್ಡು

ನನ್ನ ಕಪಾಟಿನ ಕೆಳಗಿನ ಅರೆಗಳಲ್ಲಿ ಇರುವುದೆಲ್ಲ ಇಂಗ್ಲಿಷ್ ಕ್ರಿಸ್ಮಸ್ ಹಾಡುಗಳ ಹಳೆಯ ದೊಡ್ಡ ರೆಕಾರ್ಡುಗಳು. ನಾವು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಮನೆಗೆ ಬಂದ ಬೀಗರು ಕಪಾಟು ನೋಡಿ ನನ್ನ ಸೊಸೆಯನ್ನು ಒಳಗೆ ಕರೆದು ಏನೆಂದು ಕೇಳುತ್ತಾರೆ. ಅವಳು ಅತ್ತೆಗೆ ಅದೊಂದು ಹುಚ್ಚು ಎನ್ನುತ್ತಾಳೆ. ಹುಚ್ಚು ಎನ್ನುವುದಕ್ಕಿಂತ ರೂಢಿ ಎನ್ನಬಹುದು. ವರ್ಷವಿಡೀ ಪ್ರೇಮದ ಹಾಡು ಹಾಡುವ ಇಂಗ್ಲಿಷ್ ಗಾಯಕರು ಕ್ರಿಸ್ಮಸ್ ರೆಕಾರ್ಡಿಗೆ ಬಂದಾಗ ದನಿ ತಗ್ಗಿಸುತ್ತಾರೆ. ಇವು ಅವರು ಚಿಕ್ಕಂದಿನಲ್ಲಿ ಮನೆಯವರ ನಡುವೆ ನಿಂತು ಹಾಡಿದ ಹಾಡುಗಳು; ಅಲ್ಲಿ ಕಸರತ್ತು ತೋರಿಸಲು ನಾಚುತ್ತಾರೆ. ಹಿಂದೆ ಪಿಟೀಲುಗಳು ದಟ್ಟವಾಗಿರುತ್ತವೆ, ಮೇಳದವರು ಗಾಯಕನಿಗಿಂತ ತುಸು ಹಿಂದೆ ನಿಂತಂತೆ ಕೇಳಿಸುತ್ತಾರೆ. ಒಂದು ರೆಕಾರ್ಡು ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ನಾನು ಮೊದಲ ಬದಿಯ ಕೊನೆಯ ಹಾಡಿನಿಂದ ಅಳೆಯುತ್ತೇನೆ. ಕೇಳುವವರು ಎದ್ದು ಹೋಗಿ ರೆಕಾರ್ಡಿನ ತಟ್ಟೆಯನ್ನು ಮಗುಚಿ ಹಾಕಬೇಕಾದ ಹೊತ್ತು ಅದು. ಆ ಹಾಡು ಪೂರ್ತಿ ಮುಗಿದಂತೆ ಅನ್ನಿಸಬಾರದು; ಇನ್ನೇನೋ ಬಾಕಿ ಇದೆ ಎಂದು ಎಬ್ಬಿಸಬೇಕು. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಕಲಿತದ್ದು ಆಳಂದದ ನಮ್ಮ ಮನೆಯಲ್ಲಿ, ಆ ಮನೆಯ ನಡುವೆ ಗೋಡೆ ಎದ್ದ ಮೇಲೆ.

ನಮ್ಮದು ಮೈಕ್ ಸೆಟ್ಟಿನ ಮನೆ. ಹೊಲವಿತ್ತು, ತೊಗರಿ ಜೋಳ ಬರುತ್ತಿದ್ದವು, ಆದರೆ ಊರು ನಮ್ಮನ್ನು ಕರೆಯುತ್ತಿದ್ದುದು ಭೋಂಗಾದವರು ಎಂದು. ಭೋಂಗಾ ಎಂದರೆ ಮದುವೆಗಳಲ್ಲಿ ಗಿಡಕ್ಕೆ ಕಟ್ಟುವ ತಗಡಿನ ಧ್ವನಿವರ್ಧಕ. ಅಪ್ಪನ ಅಣ್ಣ ಗುರುಲಿಂಗಪ್ಪ, ನನ್ನ ದೊಡ್ಡಪ್ಪ, ಅವನ್ನು ಹೆಗಲ ಮೇಲೆ ಹೊತ್ತು ಬೇವಿನ ಗಿಡ ಹತ್ತಿ ಕಟ್ಟುವವನು, ಮಾಳಿಗೆಯಿಂದ ಮಾಳಿಗೆಗೆ ವಾಯರು ಎಳೆಯುವವನು. ಅಪ್ಪ ಕೆಳಗೆ ಕುಳಿತು ಹಾಡು ಹಚ್ಚುವವನು. ಯಾವ ಹೊತ್ತಿಗೆ ಯಾವ ಹಾಡು ಎಂಬುದು ಅಪ್ಪನಿಗೆ ಬಿಟ್ಟ ಮಾತು. ಪಡಸಾಲೆಯ ಕಲ್ಲುಗೋಡೆಯಲ್ಲಿ ಹಿಂದೆ ಬೀಜದ ಗಡಿಗೆ ಇಡುತ್ತಿದ್ದ ಗೂಡುಗಳಿದ್ದವು. ಅಪ್ಪ ಅವುಗಳಿಗೆ ಸುಣ್ಣ ಬಳಿದು, ಇರುವೆ ಬಾರದಂತೆ ಬೇವಿನ ಸೊಪ್ಪು ಹಾಸಿ, ರೆಕಾರ್ಡುಗಳನ್ನು ನಿಲ್ಲಿಸಿದ್ದ. ಮಲಗಿಸಿದರೆ ಡೊಂಕಾಗುತ್ತವೆ. ಬೇಸಿಗೆಯಲ್ಲಿ ನಾವು ಮಕ್ಕಳು ಅಂಗಳದ ಸೆಖೆಯಲ್ಲಿ ಮಲಗುತ್ತಿದ್ದೆವು. ರೆಕಾರ್ಡುಗಳು ಮನೆಯ ತಂಪಾದ ಜಾಗದಲ್ಲಿ ಇರುತ್ತಿದ್ದವು. ಇದರ ಬಗ್ಗೆ ಅವ್ವ ಆಗಾಗ ಮಾತು ತೆಗೆಯುತ್ತಿದ್ದಳು.

ಗಡಿಯ ಹಳ್ಳಿ ಖಜೂರಿ ದಾಟಿದರೆ ಮಹಾರಾಷ್ಟ್ರ, ಮುಂದೆ ಸೋಲಾಪುರ. ಅಣ್ಣತಮ್ಮ ಇಬ್ಬರೂ ಅಲ್ಲಿಯ ಹಳೇ ಸಾಮಾನಿನ ಬಜಾರಕ್ಕೆ ಹೋಗಿ ರೆಕಾರ್ಡುಗಳನ್ನು ಸಗಟು ಗಂಟಾಗಿ ತರುತ್ತಿದ್ದರು. ಒಮ್ಮೆ ಅಂಥ ಗಂಟಿನಲ್ಲಿ ಕೆಲವು ಇಂಗ್ಲಿಷ್ ರೆಕಾರ್ಡುಗಳು ಬಂದವು. ಅವುಗಳಲ್ಲಿ ಒಂದು ಜೋಡಿ ರೆಕಾರ್ಡು: ಪುಸ್ತಕದಂತೆ ತೆರೆಯುವ ಒಂದೇ ಕವರಿನಲ್ಲಿ ಎರಡು ತಟ್ಟೆಗಳು. ಕವರಿನ ಮೇಲೆ ಹಿಮ ಬಿದ್ದ ಒಂದು ಮನೆ, ಕಿಟಕಿಯಲ್ಲಿ ದೀಪ. ನನ್ನ ಆಯಿ, ಎಂದರೆ ಅಪ್ಪನ ತಾಯಿ, ಅದನ್ನು ಬಿಸಿಲಿಗೆ ಹಿಡಿದು ನೋಡಿದಳು.

“ಗ್ವಾಡಿಗಿ ಸುಣ್ಣ ಹೊಡೀತಾರ ಖರೆ, ಮಾಳಗಿ ಮ್ಯಾಲೂ ಹೊಡದಾರಲ್ಲೋ. ಎಷ್ಟ ಸುಣ್ಣ ಹಾಳ ಮಾಡ್ಯಾರ!”

ಮೊದಲ ಹಾಡು ಸಣ್ಣ ಗಂಟೆಗಳಿಂದ ಶುರುವಾಗುತ್ತಿತ್ತು, ಆಮೇಲೆ ತುತ್ತೂರಿಗಳು, ಆಮೇಲೆ ಒಬ್ಬ ಹೆಂಗಸಿನ ದನಿ. ಗಂಟೆಯ ಸದ್ದಿದೆಯಲ್ಲ, ಮಂಗಳಕರ ಎಂದು ಅಪ್ಪ ಅದನ್ನು ಮದುವೆಗಳಲ್ಲಿ ಮದುಮಗಳನ್ನು ಹಂದರಕ್ಕೆ ಕರೆತರುವ ಹೊತ್ತಿಗೆ ಇಟ್ಟುಕೊಂಡ. ಎರಡು ಮೂರು ವರ್ಷ ನಮ್ಮ ಸೀಮೆಯ ಎಷ್ಟೋ ಮದುಮಕ್ಕಳು ಆ ಹಾಡಿನ ಮೇಲೆ ನಡೆದುಬಂದರು. ಯಾರೂ ಏನೂ ಅನ್ನಲಿಲ್ಲ. ಅಫಜಲಪುರದ ಒಂದು ಮದುವೆಯಲ್ಲಿ ದವಾಖಾನೆಯ ನರ್ಸಬಾಯಿ ಊಟಕ್ಕೆ ಬಂದಿದ್ದಳು, ಕ್ರೈಸ್ತ ಹೆಣ್ಣುಮಗಳು. ಹಾಡು ಕೇಳಿದವಳೇ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ ನಮ್ಮ ಹಾಡಿನ ಮಿಷನ್ನಿನ ಹತ್ತಿರ ಬಂದಳು. ನಾನು ಅಪ್ಪನ ಪಕ್ಕದಲ್ಲಿದ್ದೆ.

“ಅಣ್ಣಾರ, ಏನ್ ಹಚ್ಚೀರಿ ಇದು? ಇದು ನಮ್ಮ ಸ್ವಾಮಿ ಹುಟ್ಟಿದ ದಿನದ ಹಾಡ್ರಿ. ಅಕ್ಕಿಕಾಳ ಬೀಳೂಕಿಂತ ಮೊದಲ ತೊಟ್ಟಲ ಹಾಡ ಹಚ್ಚೀರಲ್ಲ!”

ಗಿಡದ ಮೇಲಿದ್ದ ದೊಡ್ಡಪ್ಪನೇ ಉತ್ತರ ಕೊಟ್ಟ.

“ಇರ್ಲಿ ತಗೋರಿ ಬಾಯಾರ, ಜರಾ ಮುಂಗಡ ಆತು. ಒಂಬತ್ತ ತಿಂಗಳಿಗೆ ಬರೋಬ್ಬರಿ ಆಗ್ತದ.”

ಹಂದರದಲ್ಲಿದ್ದವರೆಲ್ಲ ನಕ್ಕರು. ಅಪ್ಪ ನಗಲಿಲ್ಲ, ನರ್ಸಬಾಯಿಯನ್ನು ಕೂರಿಸಿ ಪ್ರತಿ ಹಾಡಿನ ಅರ್ಥ ಕೇಳಿಕೊಂಡ. ಅಂದಿನಿಂದ ಆ ರೆಕಾರ್ಡುಗಳು ಮದುವೆಗೆ ಹೋಗುವುದು ನಿಂತಿತು. ಡಿಸೆಂಬರಿಗೆ ಮಾತ್ರ ಹೊರಗೆ ಬರುತ್ತಿದ್ದವು. ನಮ್ಮ ಕಡೆಯ ದೊಡ್ಡ ಹಬ್ಬವಾದ ಎಳ್ಳಮಾವಾಸ್ಯೆ ಆಗಾಗ ಅದೇ ದಿನಗಳಲ್ಲಿ ಬರುತ್ತದೆ. ಹಬ್ಬದ ದಿನ ಹೊಲಕ್ಕೆ ಬುತ್ತಿ ಒಯ್ಯಬೇಕು. ಹಿಂದಿನ ದಿನದಿಂದಲೇ ಅವ್ವ, ದೊಡ್ಡವ್ವ ಸಜ್ಜೆ ರೊಟ್ಟಿ ಬಡಿಯಲು ಕೂರುತ್ತಿದ್ದರು. ಹಸಿ ತೊಗರಿ, ಕಡಲೆ, ಬದನೆ, ಸೊಪ್ಪು ಎಲ್ಲ ಕೂಡಿಸಿದ ಭಜ್ಜಿ ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿತ್ತು. ದೀಪ ಹಚ್ಚಿದ ಮೇಲೆ ಅಪ್ಪ ಲಿಂಗಪೂಜೆ ಮುಗಿಸಿ, ವಿಭೂತಿಯ ಕೈ ತೊಳೆದು, ಮೆತ್ತಗಾದ ಹಳೇ ಧೋತರದ ತುಂಡಿನಿಂದ ತಟ್ಟೆ ಒರೆಸಿ, ಆ ಜೋಡಿ ರೆಕಾರ್ಡನ್ನು ಹಚ್ಚುತ್ತಿದ್ದ. ಅವನದೊಂದೇ ಕಟ್ಟಳೆ.

“ಪಾತ್ರಿ ಸಪ್ಪಳ ನಡೀತದ. ಮಾತ ನಡ್ಯಂಗಿಲ್ಲ.”

ಹೀಗಾಗಿ ಆ ಹಾಡುಗಳು ನನ್ನ ಕಿವಿಯಲ್ಲಿ ರೊಟ್ಟಿ ಬಡಿಯುವ ಸದ್ದಿನ ಜೊತೆಗೇ ಉಳಿದಿವೆ. ಮೊದಲ ಬದಿ ಚುರುಕು. ಎರಡನೆಯ ಬದಿಯಲ್ಲಿ ಒಬ್ಬ ಗಂಡಸು, ಭಾರವಾದ ದನಿ, ಅವಸರವಿಲ್ಲ. ಮೂರನೆಯದು ಮಕ್ಕಳ ಮೇಳ. ನಾಲ್ಕನೆಯ ಬದಿಯ ಕೊನೆಗೆ ಮಾತೇ ಇಲ್ಲದ ಹಾಡು, ಮೇಳದವರು ಬಾಯಿ ಮುಚ್ಚಿ ಗುನುಗುತ್ತಾರೆ, ಪಿಟೀಲುಗಳು ಒಂದೊಂದಾಗಿ ನಿಲ್ಲುತ್ತವೆ. ಹುಟ್ಟಿದ ಕೂಸಿಗೆ ಹಾಡುತ್ತಿದ್ದಾರೆ ಎಂದು ಅಪ್ಪ ಹೇಳಿದ ಮೇಲೆ ಆಯಿಗೂ ತಕರಾರಿರಲಿಲ್ಲ. “ಕೂಸು ಯಾರ್ದಾದ್ರೇನು,” ಎಂದು ಕಂಬಕ್ಕೆ ಒರಗುತ್ತಿದ್ದಳು. ದೊಡ್ಡಪ್ಪ ಹೊಸ್ತಿಲ ಮೇಲೆ ನಮಗೆ ಬೆನ್ನು ಮಾಡಿ ವಾಯರು ಸುತ್ತುತ್ತ ಕೂತಿರುತ್ತಿದ್ದ. ಅವನು ಹಾಡು ಕೇಳುತ್ತಾನೆಂದು ನಾವು ಯಾರೂ ಎಣಿಸಿರಲಿಲ್ಲ.

ಮನೆ ಒಡೆದದ್ದು ಜೇವರ್ಗಿಯ ಒಂದು ಮದುವೆಯಿಂದ ಬಂದ ಮೇಲೆ. ಅಲ್ಲಿ ಒಂದು ಭೋಂಗಾ ಹಗ್ಗ ಸಡಿಲಾಗಿ ಕೆಳಗೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಮದುವೆಯವರು ಕೂಗಾಡಿದರು, ಅವರ ಮುಂದೆಯೇ ಅಪ್ಪ, ಹಗ್ಗ ನೋಡಿ ಕಟ್ಟಬಾರದೇ ಎಂದ. ದೊಡ್ಡಪ್ಪ ಬಿದ್ದ ಭೋಂಗಾ ಎತ್ತಿ ಮತ್ತೆ ಕಟ್ಟಿದ. ಮನೆಗೆ ಬಂದು ಸಾಮಾನು ಇಳಿಸಿದ ಮೇಲೆ ಅಂಗಳದಲ್ಲಿ ನಿಂತ. ಅವನ ಹೆಗಲು ಭೋಂಗಾದ ಅಂಚು ತಾಗಿ ಕೆಂಪಾಗಿತ್ತು. ಅಂಥ ಕೆಂಪು ಅಲ್ಲಿ ಯಾವಾಗಲೂ ಇರುತ್ತಿತ್ತು, ನಾನು ಕಂಡದ್ದು ಅಂದು.

“ಹದಿನೈದ ವರ್ಸ ನಾ ಹೊತ್ತೇನಿ, ನೀ ನೆಳ್ಳಾಗ ಕುಂತ ಹಾಡ ಕೇಳಿದಿ. ಇನ್ನ ಹಗ್ಗ ನೀನ ಕಟ್ಟು.”

“ಕೇಳಾಕ ಕಿವಿ ಬೇಕಣ್ಣ,” ಎಂದ ಅಪ್ಪ. “ಹೆಗಲ ಎತ್ತಿಗೂ ಇರ್ತದ.”

ಅವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ದೊಡ್ಡಪ್ಪ ಕೈ ಎತ್ತಲಿಲ್ಲ, ಬೈಯಲಿಲ್ಲ. ಬಚ್ಚಲಿಗೆ ಹೋಗಿ ಕಾಲು ತೊಳೆದು ಬಂದು, “ವಾಟ್ನಿ ಮಾಡಿಸ್ರಿ,” ಎಂದು ಆಯಿಗೆ ಹೇಳಿದ. ವಾಟ್ನಿ ಎಂದರೆ ಪಾಲು. ಆ ಮಾತು ಹಿಂದೆ ಹೋಗಲಿಲ್ಲ.

ನಮ್ಮಲ್ಲಿ ಪಾಲು ಮಾಡಲು ಪಂಚರು ಕೂರುತ್ತಾರೆ. ಕೂರುವ ಮೊದಲು ಅಣ್ಣತಮ್ಮಂದಿರು ವಿಭೂತಿ ಗಟ್ಟಿ ಮುಟ್ಟಿ, ಪಂಚರು ಹಾಕಿದ ಪಾಲಿಗೆ ತುಟಿ ಬಿಚ್ಚುವುದಿಲ್ಲ ಎಂದು ಮಾತು ಕೊಡಬೇಕು. ನಡುವೆ ಬಾಯಿ ಹಾಕಿದವನು ಆಸೆಬುರುಕ ಎಂದು ಊರಲ್ಲಿ ಹೆಸರಾಗುತ್ತದೆ. ಮನೆಯ ಸಾಮಾನೆಲ್ಲ ಅಂಗಳಕ್ಕೆ ಬಂತು. ಹಂಡೆ, ಕೊಡ, ಕಂಬಳಿ, ಬೀಸುವ ಕಲ್ಲು, ಒಂದು ಅತ್ತ, ಒಂದು ಇತ್ತ. ಭೋಂಗಾಗಳು, ಎರಡು ಮಿಷನ್ನುಗಳು ಹಾಗೆಯೇ ಹೋದವು. ಕೊನೆಗೆ ರೆಕಾರ್ಡುಗಳು. ಪಂಚರಲ್ಲಿ ಹಿರಿಯನಾದ ಮುತ್ಯಾ ಅವನ್ನು ಇಸ್ಪೀಟ್ ಎಲೆ ಹಂಚಿದಂತೆ ಹಂಚುತ್ತ ಬಂದು, ಜೋಡಿ ರೆಕಾರ್ಡಿನ ಕವರು ಕೈಗೆ ಬಂದಾಗ ತೆರೆದು ನೋಡಿದ.

“ಇದರಾಗ ಎರಡ ಅದಾವ. ಛಲೋ ಆತು, ಹಿಸ್ಸಾ ಸರಳ ಆತು. ಒಂದ ಅಂವಗ, ಒಂದ ಇಂವಗ.”

ಅಪ್ಪ ದೊಡ್ಡಪ್ಪನ ಕಡೆ ನೋಡಿದ. ದೊಡ್ಡಪ್ಪನೂ ನೋಡಿದ. ಇದನ್ನು ನಾನು ಕಂಬದ ಪಕ್ಕದಿಂದ ಕಂಡೆ, ತಪ್ಪು ಕಂಡಿರಲಾರೆ. ಎರಡೂ ಅವನಿಗೇ ಇರಲಿ ಎಂದು ಇಬ್ಬರಲ್ಲಿ ಯಾರು ಅಂದಿದ್ದರೂ ಅದು ಆಸೆಬುರುಕತನವಾಗುತ್ತಿರಲಿಲ್ಲ. ಆಯಿಗೂ ಅದು ಹೊಳೆದಿರಬೇಕು.

“ಲೇ, ಯಾರರ ಒಬ್ರು ಬಾಯಿ ಬಿಡ್ರೋ,” ಎಂದಳು.

ಇಬ್ಬರೂ ನೆಲ ನೋಡಿದರು. ಮುತ್ಯಾ ಒಂದು ತಟ್ಟೆಯನ್ನು ಹೊರಗೆ ತೆಗೆದು ಕವರಿಲ್ಲದೆಯೇ ನಮ್ಮ ರಾಶಿಯ ಮೇಲಿಟ್ಟ. ಕವರು ಇನ್ನೊಂದು ತಟ್ಟೆಯ ಜೊತೆ ಆ ಕಡೆ ಹೋಯಿತು. ನನಗೆ ಆಗ ಹತ್ತು ಹನ್ನೊಂದು ವರ್ಷ. ಹಂಡೆ ಕೊಡ ಹೋದಾಗ ಏನೂ ಅನ್ನಿಸಿರಲಿಲ್ಲ. ತಟ್ಟೆ ಹೊರಗೆ ಬಂದಾಗ ಕಂಬ ಹಿಡಿದು ಕೂತೆ.

ತಿಂಗಳೊಳಗೆ ಪಡಸಾಲೆಯ ನಡುವೆ ಹಸಿ ಇಟ್ಟಿಗೆಯ ಗೋಡೆ ಎದ್ದಿತು. ಮೇಲೆ ತೊಲೆಗಳ ನಡುವೆ ಸಂದು ಉಳಿಯಿತು. ಒಗ್ಗರಣೆಯ ವಾಸನೆಯೂ ಮಾತೂ ಅದರಿಂದ ದಾಟುತ್ತಿದ್ದವು. ಅವ್ವ ಕುಪ್ಪಸದ ಖಣದಿಂದ ಕವರಿಲ್ಲದ ಆ ತಟ್ಟೆಗೆ ಚೀಲ ಹೊಲಿದಳು. ಆ ಡಿಸೆಂಬರಿನಲ್ಲಿ ಅಪ್ಪ ಅದನ್ನು ಹಚ್ಚಿದಾಗ ಒಂದು ಸಂಗತಿ ತಿಳಿಯಿತು. ಹಿಂದೆ ಎಷ್ಟೋ ಸಲ ತಟ್ಟೆ ಬದಲಿಸಿದ್ದ ಅಪ್ಪನಿಗೆ ಅದು ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಅಂಥ ಜೋಡಿ ರೆಕಾರ್ಡುಗಳನ್ನು, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ತಾನೇ ಒಂದೊಂದನ್ನು ಕೆಳಗೆ ಬೀಳಿಸಿಕೊಂಡು ಹಾಡುವ ಮಿಷನ್ನುಗಳಿಗಾಗಿ ಮಾಡುತ್ತಿದ್ದರು. ಹಾಗಾಗಿ ಒಂದು ತಟ್ಟೆಯಲ್ಲಿ ಒಂದನೆಯ ಮತ್ತು ನಾಲ್ಕನೆಯ ಬದಿ. ಇನ್ನೊಂದರಲ್ಲಿ ಎರಡು ಮತ್ತು ಮೂರು. ನಮ್ಮ ಪಾಲಿಗೆ ಬಂದದ್ದು ಮೊದಲು ಮತ್ತು ಕೊನೆ. ಭಾರದ ದನಿಯ ಗಂಡಸು, ಮಕ್ಕಳ ಮೇಳ ಗೋಡೆಯ ಆಚೆ ಹೋಗಿದ್ದರು. ಅಪ್ಪ ಒಂದನೆಯ ಬದಿ ಮುಗಿಸಿ, ತಟ್ಟೆ ಮಗುಚಿ, ನೇರ ನಾಲ್ಕನೆಯದನ್ನು ಹಚ್ಚಿದ. ಉಣ್ಣುವುದಕ್ಕೆ ಕೂತು ಹೊಟ್ಟೆ ತುಂಬುವ ಮೊದಲೇ ಕೈ ತೊಳೆದಂತಿತ್ತು. ಗೋಡೆಯ ಆಚೆ ಸದ್ದಿರಲಿಲ್ಲ.

ಮುಂದಿನ ವರ್ಷ ಎಳ್ಳಮಾವಾಸ್ಯೆಯ ಹಿಂದಿನ ದಿನ ಅಪ್ಪ ಮತ್ತೆ ಹಚ್ಚಿದ. ಒಂದನೆಯ ಬದಿ ಮುಗಿಯಿತು. ಅಪ್ಪ ತಟ್ಟೆಗೆ ಕೈ ಹಾಕುವಷ್ಟರಲ್ಲಿ ತೊಲೆಯ ಸಂದಿನಿಂದ ಆ ಗಂಡಸಿನ ದನಿ ಕೇಳಿಸಿತು. ಅಪ್ಪನ ಕೈ ಅಲ್ಲೇ ನಿಂತಿತು. ದೊಡ್ಡಪ್ಪ ಎರಡನೆಯ ಬದಿ ಹಚ್ಚಿದ್ದ. ಅದು ಮುಗಿದ ಮೇಲೆ ತಟ್ಟೆ ಮಗುಚುವ ಸದ್ದು, ಆಮೇಲೆ ಮಕ್ಕಳ ಮೇಳ. ಅದೂ ಮುಗಿದು ಗೋಡೆಯ ಆಚೆ ಸುಮ್ಮನಾಯಿತು. ಅಲ್ಲಿ ಕಾಯುತ್ತಿದ್ದಾರೆಂದು ನಮಗೆಲ್ಲ ತಿಳಿಯಿತು. ಅಪ್ಪ ನಾಲ್ಕನೆಯ ಬದಿ ಹಚ್ಚಿದ.

ಹೀಗೆ ಕೆಲವು ವರ್ಷ ನಡೆಯಿತು. ಇದರಿಂದ ಅವರಿಬ್ಬರೂ ಮಾತಾಡಿದರೆಂದು ತಿಳಿಯಬಾರದು. ಒಂದು ವರ್ಷ ಅದೇ ದಿನ ಬೆಳಿಗ್ಗೆ ಬಚ್ಚಲ ನೀರು ಯಾರ ಕಡೆಯಿಂದ ಹರಿಯಬೇಕೆಂದು ದೊಡ್ಡ ಜಗಳವಾಗಿತ್ತು, ಸಂಜೆ ನಾಲ್ಕೂ ಬದಿಗಳು ಸಾಲಾಗಿ ಬಂದವು. ಗೋಡೆ ದಾಟಿ ಬರುವ ಹಾಡಿನಲ್ಲಿ ಮೇಲಿನ ಸಣ್ಣ ಸ್ವರಗಳು ಉದುರಿ ಮಂದ್ರ ಮಾತ್ರ ಬರುತ್ತದೆ. ಉಳಿದದ್ದನ್ನು ನಾವೇ ನೆನಪಿನಿಂದ ತುಂಬಿಕೊಳ್ಳುತ್ತಿದ್ದೆವು. ನಾನು ಇಂದಿಗೂ ಹಾಡು ಕೇಳುವಾಗ ಮೊದಲು ಮಂದ್ರವನ್ನು ಹುಡುಕುತ್ತೇನೆ.

ಆಮೇಲೆ ಕ್ಯಾಸೆಟ್ಟುಗಳು ಬಂದವು. ಮದುವೆಯವರು ಹೊಸ ಹಾಡಿನ ಕ್ಯಾಸೆಟ್ಟನ್ನೇ ಕೇಳತೊಡಗಿದರು. ದೊಡ್ಡಪ್ಪ ಮೊದಲು ಬದಲಾದ. ಅವನಿಗೆ ಸಂಸಾರ ದೊಡ್ಡದು. ಅವನ ಮಿಷನ್ನು, ರೆಕಾರ್ಡುಗಳು ಮೂಲೆಗೆ ಸೇರಿದವು. ಒಂದು ಎಳ್ಳಮಾವಾಸ್ಯೆಯ ಹಿಂದಿನ ಮಧ್ಯಾಹ್ನ ಗುಜರಿಯವನೊಬ್ಬ ಕೈಗಾಡಿಯೊಂದಿಗೆ ಅವರ ಬಾಗಿಲಲ್ಲಿ ನಿಂತ. ಸಂದಿನಿಂದ ಎಲ್ಲ ಕೇಳಿಸುತ್ತಿತ್ತು.

“ಪೂರಾ ಮಾಲ ಕೊಡ್ತೀರೇನ್ರಿ ಸಾವಕಾರ್ರ? ಇದು ಇಂಗ್ಲಿಷ್ದು, ಜೋಡದಾಗ ಒಂದ ಅದ. ಒಂದ್ರಾಗ ಏನ್ ಜೀವ ಇರ್ತದ್ರಿ?”

“ಇದ್ದಷ್ಟ ಒಯ್ಯಿ,” ಎಂದ ದೊಡ್ಡಪ್ಪ.

ಅಪ್ಪ ಆಗ ಉಣ್ಣುತ್ತಿದ್ದ. ಎದ್ದು ಕೈ ತೊಳೆದ. ಅವ್ವ ಮೆಲ್ಲಗೆ ಹೇಳಿದಳು:

“ಹೋಗಿ ಕೇಳ್ರಿ. ಅದೊಂದ ಕೊಡು ಅಂತ ಕೇಳಿದ್ರ ಭಾವ ಇಲ್ಲ ಅನ್ನಂಗಿಲ್ಲ.”

“ಅಂವನ ಹಿಸ್ಸಾದಾಗಿಂದು. ನಾ ಯಾವ ಬಾಯಿಂದ ಕೇಳ್ಲಿ?”

ಸ್ವಲ್ಪ ಹೊತ್ತು ಅಪ್ಪ ಗೂಡಿನ ಮುಂದೆ ನಿಂತ. ಆಚೆ ರೆಕಾರ್ಡುಗಳನ್ನು ಗೋಣಿಚೀಲಕ್ಕೆ ಇಳಿಸುವ ಸದ್ದು ಬರುತ್ತಿತ್ತು. ಅಪ್ಪ ಖಣದ ಚೀಲವನ್ನು ತೆಗೆದ, ಒಳಗಿನ ತಟ್ಟೆಯನ್ನು ಹೊರಗೆ ತೆಗೆದು ಎರಡೂ ಬದಿ ಒರೆಸಿದ, ಮತ್ತೆ ಚೀಲಕ್ಕೆ ಹಾಕಿ ಹೊರಗೆ ನಡೆದ. ಪಾಲಾದ ಮೇಲೆ ಅವನು ಆ ಹೊಸ್ತಿಲು ತುಳಿದಿರಲಿಲ್ಲ. ನಾನು ಹಿಂದೆಯೇ ಹೋದೆ. ಮಕ್ಕಳಿಗೆ ಎರಡೂ ಮನೆ ಒಂದೇ ಆಗಿತ್ತು. ದೊಡ್ಡಪ್ಪ ಚೀಲದ ಬಾಯಿ ಕಟ್ಟುತ್ತಿದ್ದವನು ಹಿಂತಿರುಗಿ ನೋಡಲಿಲ್ಲ. ಅಪ್ಪ ಮಾತಾಡಿದ್ದು ಗುಜರಿಯವನೊಂದಿಗೆ.

“ಆ ಇಂಗ್ಲಿಷ್ದಕ್ಕ ಇದು ಜೋಡ. ಎರಡೂ ಒಂದ ಕವರ್ನಾಗ ಹಾಕ್ರಿ.”

“ಇದಕ್ಕ ಏನ್ ಕೊಡ್ಲಿರಿ?”

“ಏನೂ ಬ್ಯಾಡ. ಯಾರಿಗೆ ಮಾರಿದ್ರೂ ಎರಡೂ ಕೂಡೇ ಮಾರ್ರಿ. ಅಗಲಸಬ್ಯಾಡ್ರಿ, ಅಷ್ಟ.”

ಗುಜರಿಯವನು ಅಪ್ಪನನ್ನೂ ದೊಡ್ಡಪ್ಪನನ್ನೂ ನೋಡಿದ. ದೊಡ್ಡವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಬಾ ತಮ್ಮಾ, ಕುಂದ್ರು. ಚಾ ಇಡ್ತೇನಿ.”

“ಇಲ್ರಿ ವೈನಿ. ತೊಗರಿ ರಾಶಿ ಅದ, ಹೊಲಕ್ಕ ಹೋಗ್ಬೇಕು.”

ಅಪ್ಪ ಖಣದ ಚೀಲವನ್ನು ಗೋಣಿಚೀಲದ ಪಕ್ಕದಲ್ಲಿಟ್ಟು ಹೋದ. ಅವನು ಓಣಿ ತಿರುಗುವವರೆಗೆ ದೊಡ್ಡಪ್ಪ ಹಾಗೇ ಬಗ್ಗಿ ನಿಂತಿದ್ದ. ಆಮೇಲೆ ತಾನು ಕಟ್ಟಿದ ಗಂಟನ್ನು ತಾನೇ ಬಿಚ್ಚಿ, ಚೀಲದೊಳಗೆ ಕೈ ಹಾಕಿ, ಹಿಮದ ಮನೆಯ ಆ ಕವರನ್ನು ಹೊರಗೆ ಎಳೆದ.

“ಇದು ಇರ್ಲಿ.”

“ಹಿಂಗ್ ಒಂದೊಂದ ತಗದ್ರ ಹ್ಯಾಂಗ್ರಿ ಸಾವಕಾರ್ರ? ಮಾತ ಆಗ್ಯಾದ.”

“ಇರ್ಲಿ ಅಂದೆ. ಉಳದದ್ದ ಒಯ್ಯಿ. ಮಿಷನ್ನೂ ಬಿಡು, ಅದನ್ನ ಕೊಡಂಗಿಲ್ಲ.”

ಗುಜರಿಯವನು ಗೊಣಗುತ್ತ ಗಾಡಿ ತಳ್ಳಿಕೊಂಡು ಹೋದ. ದೊಡ್ಡಪ್ಪ ಖಣದ ಚೀಲದಿಂದ ತಟ್ಟೆಯನ್ನು ತೆಗೆದು, ಇನ್ನೊಂದರ ಜೊತೆ ಕವರಿನಲ್ಲಿ ಸೇರಿಸಿದ. ಬರಿದಾದ ಖಣದ ಚೀಲವನ್ನು ನನ್ನ ಕೈಗೆ ಕೊಟ್ಟ. ನಾನು ಬಂದು ಅವ್ವನಿಗೆ ಹೇಳಿದೆ. ಅವಳು ಅಪ್ಪನಿಗೆ ಹೇಳಬೇಡ ಎಂದಳು. ಯಾಕೆಂದು ಕೇಳಿದ್ದಕ್ಕೆ, ಅದು ಅವರವರೇ ಹೇಳಿಕೊಳ್ಳಬೇಕಾದದ್ದು ಎಂದಳು.

ಅಪ್ಪ ಹೊಲದಿಂದ ಬಂದಾಗ ದೀಪ ಹಚ್ಚಿಯಾಗಿತ್ತು. ಪೂಜೆ ಮುಗಿಸಿ ಬಂದು ರೂಢಿಯಂತೆ ಮಿಷನ್ನಿನ ಮುಂದೆ ಕೂತ. ಅದರ ಮೇಲೆ ತಟ್ಟೆ ಇರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆಗ ಗೋಡೆಯ ಆಚೆಯಿಂದ ಸಣ್ಣ ಗಂಟೆಗಳು ಕೇಳಿಸಿದವು, ಆಮೇಲೆ ತುತ್ತೂರಿಗಳು. ಅಪ್ಪ ತಲೆ ಎತ್ತಿ ತೊಲೆಯ ಕಡೆ ನೋಡಿದ. ಒಂದನೆಯ ಬದಿ ಮುಗಿದ ಮೇಲೆ ಎರಡನೆಯದು ಅಲ್ಲಿಂದಲೇ, ಮೂರನೆಯದೂ ಅಲ್ಲಿಂದಲೇ. ಮಕ್ಕಳ ಮೇಳ ನಿಂತಾಗ ಅಪ್ಪನ ಕೈ ತಾನಾಗಿ ಬರಿದಾದ ಮಿಷನ್ನಿನ ಕಡೆ ಚಾಚಿತು, ಹಿಂದಕ್ಕೆ ಬಂತು. ಆಚೆ ತಟ್ಟೆ ಬದಲಿಸುವ ಸದ್ದಾಯಿತು. ನಾಲ್ಕನೆಯ ಬದಿ ಶುರುವಾಯಿತು. ಬಾಯಿ ಮುಚ್ಚಿ ಗುನುಗುವ ಆ ಕೊನೆಯ ಹಾಡಿನಲ್ಲಿ ಸರಸರ ಎಂಬ ಒಂದು ಸದ್ದು ಉದ್ದಕ್ಕೂ ಸೇರಿತ್ತು. ಅಪ್ಪ ಕಣ್ಣು ಮುಚ್ಚಿ ಕೂತಿದ್ದ. ಪಿಟೀಲುಗಳು ನಿಂತವು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು.

“ಅವರ್ದು ಸೂಜಿ ಸವದದ,” ಎಂದ ಅಪ್ಪ. “ಹಿಂಗ ಹಚ್ಚಿದ್ರ ತಟ್ಟಿ ಕೆಡ್ತದ. ನಮ್ಮ ಡಬ್ಬ್ಯಾಗ ಹೊಸಾವ ಅದಾವ. ಹುಡುಗಿ ಕೈಯಾಗ ಒಂದ ಕೊಟ್ಟ ಕಳಸು.”

ಅವ್ವ ಹಿಟ್ಟಿನ ಕೈ ಎತ್ತಿ ತೋರಿಸಿದಳು.

“ನನ್ನ ಕೈ ಬಿಡುವಿಲ್ಲ, ಆಕೀಗೂ ಕೆಲಸ ಅದ. ಸೂಜಿ ಹಾಕಾಕ ಭಾವಗ ಬರ್ತದೋ ಇಲ್ಲೋ. ನೀವ ಹೋಗಿ ಹಾಕಿ ಬರ್ರಿ.”

ನನಗೆ ಯಾವ ಕೆಲಸವೂ ಇರಲಿಲ್ಲ. ಅಪ್ಪ ಡಬ್ಬಿಯಿಂದ ಒಂದು ಸೂಜಿ ಆರಿಸಿ, ದೀಪದ ಬೆಳಕಿಗೆ ಹಿಡಿದು ನೋಡಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡು ಎದ್ದ.